ಹಾಡು ಅಜ್ಜಿಯದು, ಪುಸ್ತಕ ಯಾರದು?

ತ್ಯಾಗಲಿಯಂಥ ಊರಿನ ಜಗಲಿಯಲ್ಲಿ ಅಜ್ಜಿಯೊಬ್ಬರು ಹಾಡುತ್ತಾರೆ, ಸಂಶೋಧಕರು ಬರೆದುಕೊಳ್ಳುತ್ತಾರೆ. ಸಂಶೋಧಕರಿಗೆ ಸರ್ಕಾರದ ಸಂಬಳ, ಮುದ್ರಣಕ್ಕೆ ವಿಶ್ವವಿದ್ಯಾಲಯದ ದುಡ್ಡು. ಅಚ್ಚಾದ ಪ್ರತಿಗಳು ಮುಗಿದ ಮೇಲೆ ಅಜ್ಜಿಯ ಮೊಮ್ಮಗಳಿಗೆ ಆ ಪುಸ್ತಕ ಬೇಕು ಅಂದ್ರೆ ನೂರಕ್ಕೂ ಹೆಚ್ಚು ಕಿಲೋಮೀಟರ್ ದೂರದ ಧಾರವಾಡಕ್ಕೇ ಹೋಗಬೇಕೇನೋ. ಮರುಮುದ್ರಣ ಇಲ್ಲ, ಕಾಪಿರೈಟ್ ಮಾತ್ರ ಲೇಖಕರು ತೀರಿಕೊಂಡ ಮೇಲೂ 60 ವರ್ಷ ಇರುತ್ತೆ.

ಹಾಗಾದ್ರೆ ಇಂಟರ್ನೆಟ್ಟಿಗೆ ಹಾಕಿ ಅಂದರೆ ನಮ್ಮ ಮೇಷ್ಟ್ರುಗಳು ಹಿಂಜರಿಯುತ್ತಾರೆ. ಕದೀತಾರೆ ಅನ್ನೋ ಭಯ, ಪುಕ್ಕಟೆ ಸಿಕ್ಕಿದ್ದಕ್ಕೆ ಬೆಲೆಯಿಲ್ಲ ಅನ್ನೋ ಅಳುಕು. ಭಯ ಸುಳ್ಳೇನಲ್ಲ. ಆದರೆ ಬೀರುವಿನಲ್ಲಿರೋ ಪಿಎಚ್‌ಡಿ ಪ್ರಬಂಧದಿಂದ ಕದ್ದರೆ ಗೊತ್ತಾಗೋದೇ ಕಷ್ಟ. ಶೋಧಗಂಗಾದಲ್ಲಿ ಇರೋದನ್ನು ಕದ್ದರೆ ಯಾರು ಬೇಕಾದರೂ ಪಕ್ಕಪಕ್ಕ ಇಟ್ಟು ನೋಡಬಹುದು. 2014ರಲ್ಲಿ ನಿರಂಜನರ 55 ಕೃತಿಗಳು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಮುಕ್ತವಾದವು. ಅವನ್ನು ಬಳಸುವವರು ಇವತ್ತಿಗೂ ನಿರಂಜನರ ಹೆಸರು ಹೇಳಲೇಬೇಕು.

ಬರವಣಿಗೆಯಿಂದಲೇ ಹೊಟ್ಟೆ ಹೊರೆಯುವವರಿಗೆ ಪುಕ್ಕಟೆ ಕೊಡಿ ಅನ್ನೋದು ಅನ್ಯಾಯ. ಕರಡು ತಿದ್ದುವವರಿಗೂ ಕೂಲಿ ಸಿಗಬೇಕು. ಆದರೆ ಸಂಬಳ ಪಡೆದು ಮಾಡಿದ ಸಂಶೋಧನೆಯ ಲೆಕ್ಕ ಬೇರೆ. ಅಲ್ಲಿ ಮೊದಲು ಕೈಯೆತ್ತಿ ಕೊಟ್ಟವರು ಹಾಡಿದ ಅಜ್ಜಿ. ಅವರು ರಾಯಲ್ಟಿ ಕೇಳಲಿಲ್ಲ. ಹಾಗಾಗಿ ಪುಸ್ತಕವನ್ನು ಮುಕ್ತವಾಗಿಡೋದನ್ನ ದಾನ ಅಂತ ಕರೆಯೋದು ಸರಿಯಲ್ಲ, ಅದು ಸಾಲ ತೀರಿಸೋ ಕೆಲಸ. ತೀರಿಸೋ ಮುಂಚೆ ಒಂದು ಮಾತು: ಈ ಹಾಡನ್ನು ಎಲ್ಲರ ಮುಂದೆ ಇಡಬಹುದಾ ಅಂತ ಅಜ್ಜಿಯನ್ನೂ ಕೇಳಬೇಕು.