ಪಾಠಶಾಲೆಯ ಸೌಕರ್ಯಗಳೂ ಮಗುವಿನ ವಿದ್ಯೆಯೂ

ಮಗುವಿಗೆ ಆರನೆಯ ವರುಷ ಸಮೀಪಿಸುತ್ತಲೆ ಗೃಹಸ್ಥನಿಗೆ ಒಂದು ಚಿಂತೆ ಹತ್ತುವುದು: ಇದನ್ನು ಯಾವ ಶಾಲೆಗೆ ಸೇರಿಸಬೇಕು? ಮಡಿಕೇರಿ, ವಿರಾಜಪೇಟೆ, ಕುಶಾಲನಗರ, ಗೋಣಿಕೊಪ್ಪಲು ಮೊದಲಾದ ಸ್ಥಳಗಳಲ್ಲಿ ಖಾಸಗಿ ಪ್ರಾಥಮಿಕ ಶಾಲೆಗಳಿಗೆ ಕೊರತೆಯಿಲ್ಲ. ಹಲವು ಶಾಲೆಗಳವರು ತಮ್ಮ ಕಟ್ಟಡ, ಬಸ್ಸು, ಕಂಪ್ಯೂಟರ್ ಕೋಣೆ, ಆಟದ ಬಯಲು ಇವುಗಳ ಚಿತ್ರಗಳನ್ನು ಅಚ್ಚುಹಾಕಿಸಿ ಹಂಚುವರು. ಶುಲ್ಕವು ಹೆಚ್ಚಿದಂತೆಲ್ಲ ಚಿತ್ರಗಳ ಬಣ್ಣವೂ ಗಾಢವಾಗುವುದುಂಟು. ಕಾಫಿಯ ಬೆಲೆ ಇಳಿದ ವರುಷದಲ್ಲಿಯೂ ಸಾಲ ಮಾಡಿ ಆ ಶುಲ್ಕವನ್ನು ತೆರುವ ಮನೆಗಳಿವೆ. ಹೀಗೆ ತೆತ್ತ ಹಣವು ಮಗುವಿನ ವಿದ್ಯೆಗೆ ಸಂದುದೋ ಹೆತ್ತವರ ಪ್ರತಿಷ್ಠೆಗೆ ಸಂದುದೋ ಎಂಬುದು ವಿಚಾರಣೀಯವಾದ ವಿಷಯವು.

ಹಳಬರ ಮಾತೊಂದುಂಟು: ವಿದ್ಯೆಗೆ ಗುರುವೊಬ್ಬನಿದ್ದರೆ ಸಾಕು, ಕಟ್ಟಡವೇಕೆ? ರವೀಂದ್ರನಾಥ ಠಾಕೂರರು 1901ರಲ್ಲಿ ಶಾಂತಿನಿಕೇತನದಲ್ಲಿ ಶಾಲೆಯನ್ನು ತೆರೆದು ಮರಗಳ ನೆರಳಿನಲ್ಲಿ ಪಾಠ ನಡೆಯಿಸಲಿಲ್ಲವೆ ಎಂದು ಅವರು ಕೇಳುವರು. ಮಾತು ಕಿವಿಗೆ ಇಂಪಾಗಿದೆ. ಆದರೆ ಕಕ್ಕಡ ಮಾಸದಲ್ಲಿ ಭಾಗಮಂಡಲದ ಮರವೊಂದರ ಕೆಳಗೆ ಎಳೆಯ ಮಗುವನ್ನು ಅರ್ಧ ಗಳಿಗೆ ಕುಳ್ಳಿರಿಸಿ ನೋಡಿದವರು ಹಾಗೆ ಹೇಳಲಾರರು. ಗುರುಕುಲವನ್ನು ಹೊಗಳುವವರು ಇನ್ನೊಂದನ್ನೂ ಮರೆಯುತ್ತಾರೆ. ಅಲ್ಲಿ ಶಿಷ್ಯನಿಗೆ ಗುರುಗೃಹದಲ್ಲಿಯೇ ಅನ್ನವೂ ಹಾಸಿಗೆಯೂ ದೊರೆಯುತ್ತಿದ್ದುವು. ಗುರುವಿನ ಸುತ್ತ ಶಿಷ್ಯರು ಕೆಲವರೇ ಇರುತ್ತಿದ್ದರು. ಇವೂ ಸೌಕರ್ಯಗಳೇ ಅಲ್ಲವೆ?

ಕಾರಣವನ್ನು ಗೊತ್ತುಮಾಡುವುದಕ್ಕೆ ಶಾಸ್ತ್ರಕಾರರು ಅನ್ವಯ, ವ್ಯತಿರೇಕಗಳೆಂಬ ಎರಡು ಒರೆಗಲ್ಲುಗಳನ್ನು ಹೇಳಿರುವರು. ಒಂದು ವಸ್ತುವಿದ್ದರೆ ಕಾರ್ಯವುಂಟೆ ಎಂಬುದು ಮೊದಲನೆಯದು. ಅದಿಲ್ಲದಿದ್ದರೆ ಕಾರ್ಯವು ನಿಲ್ಲುವುದೆ ಎಂಬುದು ಎರಡನೆಯದು. ಶೌಚಾಲಯವನ್ನೇ ತೆಗೆದುಕೊಳ್ಳೋಣ. ಅದು ಇಲ್ಲದ, ಅಥವಾ ಇದ್ದೂ ಹೊಲಸಾಗಿರುವ ಶಾಲೆಯಲ್ಲಿ ಹೆಣ್ಣುಮಗುವು ಬೆಳಗಿನಿಂದ ಸಂಜೆಯವರೆಗೆ ನೀರು ಕುಡಿಯದೆ ಕುಳಿತಿರುವುದು. ಅದಕ್ಕೆ ತಲೆನೋವು ಬಂದಾಗ ಮಗ್ಗಿಯ ಪಾಠವು ಯಾವ ಮೂಲೆಯಲ್ಲಿ ಹೊಗಬೇಕು? ಅಂಜಲಿ ಅದುಕಿಯಾ ಎಂಬ ವಿದುಷಿಯು ಭಾರತದ ಶಾಲೆಗಳ ಲೆಕ್ಕಗಳನ್ನು ಪರಿಶೀಲಿಸಿ 2017ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಶೌಚಾಲಯವನ್ನು ಕಟ್ಟಿಸಿದೆಡೆ ಶಾಲೆಗೆ ಸೇರುವ ಮಕ್ಕಳ ಸಂಖ್ಯೆಯು ಏರಿತೆಂದು ತೋರಿಸಿರುವರು. ಹಾಗೆಂದು ಅದಕ್ಕೆ ಅಮೃತಶಿಲೆಯನ್ನು ಹಾಸಿಸಿದರೆ ವಿದ್ಯೆಯು ಇಮ್ಮಡಿಯಾಗುವುದೆ? ಆಗದು. ಇಂತಹ ಸೌಕರ್ಯಗಳು ಇಲ್ಲದಿದ್ದರೆ ವಿದ್ಯೆಗೆ ದೊಡ್ಡ ಹಾನಿ. ಸಾಕಷ್ಟು ಇದ್ದ ಮೇಲೆ ಅವು ಹೆಚ್ಚಿದುದರಿಂದ ವಿದ್ಯೆಯು ಹೆಚ್ಚದು. ಹೆತ್ತವರು ಈ ಭೇದವನ್ನು ಗಮನಿಸದೆ, ಇರಲೇಬೇಕಾದುದನ್ನು ವಿಚಾರಿಸುವುದಕ್ಕೆ ನಾಚಿ, ಇದ್ದರೂ ಇಲ್ಲದಿದ್ದರೂ ನಡೆಯುವುದನ್ನು ನೋಡಿ ಮರುಳಾಗುತ್ತಾರೆ.

ಕೊಡಗಿನಲ್ಲಿ ಇರಲೇಬೇಕಾದುದು ಯಾವುದೆಂಬುದನ್ನು ಇಲ್ಲಿಯ ಮಳೆಯೇ ನಿರ್ಣಯಿಸುವುದು. ತಗಡಿನ ಮಾಡಿನ ಮೇಲೆ ಆಷಾಢದ ಮಳೆ ಬೀಳುತ್ತಿರುವಾಗ ಅಧ್ಯಾಪಿಕೆಯ ಸ್ವರವು ಎರಡನೆಯ ಸಾಲನ್ನು ಮುಟ್ಟದು. ತಗಡಿನ ಅಡಿಯಲ್ಲಿ ಹಲಗೆಯ ಮುಚ್ಚಿಗೆಯೊಂದನ್ನು ಹಾಕಿಸಿದರೆ ಮಕ್ಕಳಿಗೆ ವರುಷದಲ್ಲಿ ಮೂರು ತಿಂಗಳ ಪಾಠವು ಉಳಿಯುವುದು. ಆದರೆ ಮುಚ್ಚಿಗೆಯ ಚಿತ್ರವನ್ನು ಯಾರೂ ಅಚ್ಚುಹಾಕಿಸುವುದಿಲ್ಲ. ತೊಯ್ದ ಅಂಗಿ, ಕಾಲುಚೀಲಗಳನ್ನು ಆರಿಸಲು ಬೆಚ್ಚನೆಯ ಎಡೆಯುಂಟೆ ಎಂದು ಕೇಳುವವರೂ ವಿರಳ.

ಆಟದ ಬಯಲಿನ ಮಾತು ಇನ್ನೂ ವಿಚಿತ್ರವಾದುದು. ಹಾಕಿಯ ಆಟಕ್ಕೆ ಹೆಸರಾದ ನಾಡಿನಲ್ಲಿ ಮಕ್ಕಳಿಗೆ ಬಯಲು ಬೇಡವೆನ್ನುವವರಾರು? ಆದರೆ ಗುಡ್ಡದ ಸೀಮೆಯಲ್ಲಿ ಸಮನೆಲವು ತಾನಾಗಿ ಸಿಕ್ಕುವುದು ಕಷ್ಟ. ಯಂತ್ರದಿಂದ ಗುಡ್ಡವನ್ನು ಕಡಿದೇ ಅದನ್ನು ಮಾಡಬೇಕು. ಕಡಿದ ಬರೆಯು ಕಟ್ಟಡದ ಹಿಂದೆ ನೆಟ್ಟಗೆ ನಿಲ್ಲುವುದು. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆಗಳಲ್ಲಿ ಗುಡ್ಡಗಳು ಜರಿದು ಮನೆಗಳೂ ತೋಟಗಳೂ ಹೋದುವು. ಅತಿವೃಷ್ಟಿಯೊಡನೆ ಇಳಿಜಾರುಗಳನ್ನು ಮನಬಂದಂತೆ ಕಡಿದುದೂ ಅದಕ್ಕೆ ಕಾರಣವೆಂದು ಭೂವಿಜ್ಞಾನಿಗಳು ಹೇಳಿದರು. ಆದುದರಿಂದ ವಿಶಾಲವಾದ ಬಯಲನ್ನು ಕಂಡು ಸಂತೋಷಪಡುವ ತಂದೆಯು ಅದರ ಅಂಚಿನವರೆಗೆ ನಡೆದುಹೋಗಿ ಬರೆಯ ಎತ್ತರವನ್ನೂ, ನೀರು ಹರಿದುಹೋಗುವ ಚರಂಡಿಯನ್ನೂ ನೋಡಿ ಬರುವುದು ಯುಕ್ತ. ಸೌಕರ್ಯವೇ ಅಪಾಯವಾಗುವುದುಂಟು.

ಅಪಾಯದ ವಿಚಾರದಲ್ಲಿ ಹೆತ್ತವರಿಗೆ ದಾಕ್ಷಿಣ್ಯ ಸಲ್ಲದು. ತಮಿಳುನಾಡಿನ ಕುಂಭಕೋಣದ ಖಾಸಗಿ ಶಾಲೆಯೊಂದರಲ್ಲಿ 2004ರ ಜುಲೈ 16ರಂದು ಅಡುಗೆಮನೆಯ ಬೆಂಕಿಯು ಹುಲ್ಲುಮಾಡಿಗೆ ಹತ್ತಿ 94 ಮಕ್ಕಳು ಮಡಿದರು. ಹೊರಗೆ ಓಡಲು ದಾರಿಯು ಇಕ್ಕಟ್ಟಾಗಿತ್ತು. 2009ರಲ್ಲಿ ಸರ್ವೋಚ್ಚ ನ್ಯಾಯಾಲಯವು ಶಾಲೆಗಳ ಅಗ್ನಿರಕ್ಷಣೆಯ ಬಗ್ಗೆ ಕಟ್ಟಪ್ಪಣೆ ಮಾಡಿತು. ಅದೇ ವರುಷದ ಶಿಕ್ಷಣ ಹಕ್ಕಿನ ಕಾಯಿದೆಯು ಕುಡಿಯುವ ನೀರು, ಗಂಡುಹೆಣ್ಣುಮಕ್ಕಳಿಗೆ ಬೇರೆ ಬೇರೆ ಶೌಚಾಲಯ, ಆಟದ ಬಯಲು, ಪುಸ್ತಕಭಂಡಾರ ಇವು ಖಾಸಗಿ ಶಾಲೆಗಳಲ್ಲಿಯೂ ಇರಬೇಕೆಂದು ವಿಧಿಸಿತು. ಇವುಗಳನ್ನು ವಿಚಾರಿಸುವ ಗೃಹಸ್ಥನು ಯಾರ ಉಪಕಾರವನ್ನೂ ಬೇಡುತ್ತಿಲ್ಲ.

ಇಷ್ಟು ಇದ್ದ ಮೇಲೆ ಉಳಿದುದೆಲ್ಲ ಅಧ್ಯಾಪಕರದು. ಕೊಡಗಿನ ನೆರೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಸರಕಾರಿ ಶಾಲೆಗಳಲ್ಲಿ 1995ರಲ್ಲಿ ನಲಿ-ಕಲಿ ಎಂಬ ಪದ್ಧತಿ ಮೊದಲಾಯಿತು. ಅದರಲ್ಲಿ ಮಕ್ಕಳು ನೆಲದ ಮೇಲೆ ಗುಂಪಾಗಿ ಕುಳಿತು ಚಿತ್ರದ ಕಾರ್ಡುಗಳಿಂದ ಓದು ಕಲಿಯುವರು. ಕಪ್ಪುಹಲಗೆಯನ್ನು ಗೋಡೆಯ ಮೇಲೆ ಮಗುವಿನ ಕೈಗೆ ಎಟಕುವಷ್ಟು ತಗ್ಗಿಗೆ ಇಳಿಸಿರುವರು. ಹಲಗೆಯನ್ನು ಇಳಿಸುವುದಕ್ಕೆ ಎಷ್ಟು ಹಣ ಬೇಕು? ಬೇಕಾದುದು ಮಗುವನ್ನು ನೋಡುವ ಕಣ್ಣು. ಮಡಿಕೇರಿಯಲ್ಲಿ ಮುಖ್ಯೋಪಾಧ್ಯಾಯರಾಗಿದ್ದ ಪಂಜೆ ಮಂಗೇಶರಾಯರನ್ನು ಕೊಡಗು ನೆನೆಯುವುದು ಅವರ ಹುತ್ತರಿ ಹಾಡಿಗಾಗಿ, ಮಕ್ಕಳ ಕಥೆಗಳಿಗಾಗಿ. ಅವರ ಕಾಲದಲ್ಲಿ ಶಾಲೆಯಲ್ಲಿ ಬೆಂಚುಗಳೆಷ್ಟಿದ್ದುವೆಂದು ಯಾರೂ ಕೇಳರು.

ಇಲ್ಲಿ ಧರ್ಮಸೂಕ್ಷ್ಮವೊಂದಿದೆ. ಅಮೆರಿಕದಲ್ಲಿ ಜೇಮ್ಸ್ ಕೋಲ್ಮನ್ ಎಂಬ ಸಮಾಜಶಾಸ್ತ್ರಜ್ಞನು ಸುಮಾರು 6 ಲಕ್ಷ ಮಕ್ಕಳ ಕಲಿಕೆಯನ್ನು ಪರಿಶೀಲಿಸಿ 1966ರಲ್ಲಿ ವರದಿಯನ್ನು ಒಪ್ಪಿಸಿದನು. ಶಾಲೆಯ ಕಟ್ಟಡ, ಸಲಕರಣೆಗಳಿಗಿಂತ ಮಗುವಿನ ಮನೆಯ ಸ್ಥಿತಿಯೇ ಬಲವತ್ತರವೆಂದು ಅದರಲ್ಲಿ ಕಂಡಿತು. ಹಾಗಾದರೆ, ಕಪಾಟಿನ ತುಂಬ ಪುಸ್ತಕಗಳೂ ಓದಿ ಹೇಳುವ ಅಜ್ಜಿಯೂ ಇರುವ ಮನೆಯ ಮಗುವಿಗೆ ಶಾಲೆಯ ಪುಸ್ತಕಭಂಡಾರದ ಅಗತ್ಯವು ಅಲ್ಪವೇ. ಕಾಫಿತೋಟದ ಲೈನುಮನೆಯಲ್ಲಿ ಬೆಳೆಯುವ ಮಗುವಿಗೋ, ಕಥೆಪುಸ್ತಕವನ್ನು ಮುಟ್ಟಿ ನೋಡಲು ಶಾಲೆಯೊಂದೇ ಸ್ಥಳ. ಯಾರಿಗೆ ಸೌಕರ್ಯದ ಅಗತ್ಯವು ಕಡಮೆಯೋ ಅವರೇ ಅದನ್ನು ಹಣಕೊಟ್ಟು ಪಡೆಯುತ್ತಾರೆ. ಯಾರಿಗೆ ಅಗತ್ಯವೋ ಅವರ ಊರಶಾಲೆಯಲ್ಲಿ, ಕೆಟ್ಟ ಕೊಳಾಯಿಯನ್ನು ಸರಿಪಡಿಸಿರೆಂದು ಗಟ್ಟಿಯಾಗಿ ಕೇಳಬಲ್ಲ ತಂದೆತಾಯಿಗಳು ಉಳಿಯುವುದಿಲ್ಲ. ತನ್ನ ಮಗುವಿನ ಹಿತವನ್ನು ನೋಡುವುದು ಹೆತ್ತವರ ಧರ್ಮವು, ಸಂಶಯವಿಲ್ಲ. ಆದರೆ ಶುಲ್ಕವನ್ನು ತೆತ್ತೊಡನೆ ನೆರೆಮನೆಯ ಮಗುವಿನ ಋಣವೂ ತೀರಿತೆಂದು ಯಾವ ಸ್ಮೃತಿಕಾರನೂ ಹೇಳಿಲ್ಲ.

ಬಸ್ಸಿನ ವಿಷಯದಲ್ಲಿ ಎರಡು ಮಾತು ಸಾಕು. ದಕ್ಷಿಣ ಕೊಡಗಿನಲ್ಲಿ ಆನೆಗಳು ಓಡಾಡುವ ತೋಟದ ದಾರಿಗಳಿರುವೆಡೆ ಶಾಲೆಯ ವಾಹನವು ಭೋಗವಲ್ಲ, ರಕ್ಷಣೆ. ಆ ಭಯವಿಲ್ಲದೆಡೆ, ಹತ್ತಿರದ ಒಳ್ಳೆಯ ಶಾಲೆಯನ್ನು ಬಿಟ್ಟು, ಹೊಸ ಕಟ್ಟಡದ ಆಸೆಗಾಗಿ ಆರು ವರುಷದ ಮಗುವನ್ನು ತಿರುವು ರಸ್ತೆಯಲ್ಲಿ ಒಂದು ತಾಸು ವಾಂತಿ ಮಾಡಿಸುತ್ತ ಕಳುಹಿಸುವುದರಲ್ಲಿ ಯಾವ ಪುರುಷಾರ್ಥವೂ ಕಾಣದು.

ಶಾಲೆಯನ್ನು ನೋಡಲು ಜನರು ಸಾಮಾನ್ಯವಾಗಿ ಬೇಸಗೆಯಲ್ಲಿ ಹೋಗುವರು. ಆಗ ಗೋಡೆಗೆ ಸುಣ್ಣವಾಗಿರುವುದು, ಬಯಲು ಒಣಗಿರುವುದು, ಮಕ್ಕಳು ಮನೆಯಲ್ಲಿರುವರು. ಸೇರಿಸುವುದಕ್ಕೆ ಹಿಂದಿನ ವರುಷವೇ, ಕಕ್ಕಡದ ಒಂದು ದಿನ, ಕೊಡೆ ಹಿಡಿದು ಹೋಗಿ, ಅನುಮತಿ ಪಡೆದು ಕೊನೆಯ ಸಾಲಿನ ಬೆಂಚಿನಲ್ಲಿ ಕಾಲು ಗಂಟೆ ಕುಳಿತರೆ, ಅಲ್ಲಿಗೆ ಅಧ್ಯಾಪಿಕೆಯ ಸ್ವರವು ಕೇಳಿಸುವುದೋ ಇಲ್ಲವೋ ತಿಳಿಯುವುದು.