ಕೆಂಡವನ್ನು ಊದುವವರು ಯಾರು?

ಪ್ರತಿಭೆಯೆಂಬುದು ಬೂದಿ ಮುಚ್ಚಿದ ಕೆಂಡ, ಇಂದಲ್ಲ ನಾಳೆ ತಾನಾಗಿಯೇ ಬೆಳಗುತ್ತದೆ ಎಂದು ನಾವು ಹೇಳುತ್ತ ಬಂದಿದ್ದೇವೆ. ಆದರೆ ಯಾರೂ ಊದದಿದ್ದರೆ ಆ ಕೆಂಡ ಆರಿಹೋಗುತ್ತದೆಂಬುದು ಸೌದೆಯೊಲೆ ಕಂಡವರಿಗೆಲ್ಲ ಗೊತ್ತು.

ಅಮೆರಿಕದ ಸಾರ್ವಜನಿಕ ಶಾಲೆಗಳು ಸ್ಥಳೀಯ ಶಾಲಾ ಜಿಲ್ಲೆಗಳ ಆಡಳಿತಕ್ಕೆ ಸೇರಿದವು. 1957ರಲ್ಲಿ ರಷ್ಯದ ಸ್ಪುಟ್ನಿಕ್ ಆಕಾಶಕ್ಕೇರಿದಾಗ ಅಲ್ಲಿಯವರಿಗೆ ಬುದ್ಧಿವಂತ ಮಕ್ಕಳ ನೆನಪು ಒಮ್ಮೆಲೇ ಬಂತು. ಆದರೂ ಅಂಥ ಮಕ್ಕಳಿಗೆ ವಿಶೇಷ ಶಿಕ್ಷಣ ಕೊಡಲೇಬೇಕೆಂಬ ಕೇಂದ್ರ ಕಾನೂನು ಅಲ್ಲಿಲ್ಲ. ಪ್ರತಿಯೊಂದು ರಾಜ್ಯದ್ದೂ ಒಂದೊಂದು ದಾರಿ. ಸಾಮಾನ್ಯವಾಗಿ ಕಿರಿಯ ತರಗತಿಗಳಲ್ಲಿ ಪ್ರತ್ಯೇಕ ವರ್ಗ ಅಥವಾ ವಾರಕ್ಕೆ ಕೆಲವು ಗಂಟೆಗಳ ಬೇರೆ ಪಾಠ, ನಡುವಣ ತರಗತಿಗಳಲ್ಲಿ ಮುಂದುವರಿದ ಗಣಿತ, ಹೈಸ್ಕೂಲಿನಲ್ಲಿ ಕಾಲೇಜು ಮಟ್ಟದ ವಿಷಯಗಳು. ನಮ್ಮವರ ಮೊಮ್ಮಕ್ಕಳು ‘ಗಿಫ್ಟೆಡ್’ ವರ್ಗಕ್ಕೆ ಸೇರಿದ ಸುದ್ದಿಯೂ ಆಗಾಗ ನಮ್ಮ ಕಿವಿಗೆ ಬೀಳುತ್ತದೆ. ಸಂತೋಷವೇ. ಆದರೆ ಆ ಬಾಗಿಲಿನವರೆಗೆ ಮಗುವನ್ನು ಕರೆದೊಯ್ಯುವವರು ಯಾರು?

ಫ್ಲಾರಿಡಾದ ಬ್ರೊವಾರ್ಡ್ ಜಿಲ್ಲೆಯಲ್ಲಿ ಬಹಳ ಕಾಲ ಆ ಕೆಲಸ ತಂದೆತಾಯಿಗಳದ್ದೂ ಶಿಕ್ಷಕರದ್ದೂ ಆಗಿತ್ತು. ಹೆತ್ತವರಿಗೆ ಹೆಗ್ಗಣವೂ ಮುದ್ದು, ನಿಜ. ಆದರೆ ಬಡವರ ಮನೆಯಲ್ಲಿ ಹೆತ್ತವರಿಗೆ ಇಂಥದೊಂದು ವರ್ಗವಿದೆಯೆಂದು ತಿಳಿದಿರಬೇಕಲ್ಲ! ತಿಳಿದವರು ಹಣ ತೆತ್ತು ಖಾಸಗಿ ಮನಶ್ಶಾಸ್ತ್ರಜ್ಞರಿಂದಲೂ ಪರೀಕ್ಷೆ ಮಾಡಿಸುತ್ತಿದ್ದರು. 2005ರಲ್ಲಿ ಜಿಲ್ಲೆಯವರು ಒಂದು ಸರಳ ಕೆಲಸ ಮಾಡಿದರು: ಯಾರ ಶಿಫಾರಸನ್ನೂ ಕಾಯದೆ, ಎರಡನೆಯ ತರಗತಿಯ ಎಲ್ಲ ಮಕ್ಕಳಿಗೂ ಭಾಷೆಯ ಹಂಗಿಲ್ಲದ ಚಿಕ್ಕ ಪರೀಕ್ಷೆಯೊಂದನ್ನು ಕೊಟ್ಟರು. ಚೆನ್ನಾಗಿ ಮಾಡಿದವರನ್ನು ಪೂರ್ಣ ಬುದ್ಧಿಮಾಪನಕ್ಕೆ ಕಳಿಸಿದರು. ಅರ್ಥಶಾಸ್ತ್ರಜ್ಞರಾದ ಡೇವಿಡ್ ಕಾರ್ಡ್ ಮತ್ತು ಲಾರಾ ಜುಲಿಯಾನೋ 2016ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಹೊಸದಾಗಿ ಬೆಳಕಿಗೆ ಬಂದವರಲ್ಲಿ ಬಡ ಮಕ್ಕಳು, ಕಪ್ಪು ಜನರ ಮತ್ತು ಸ್ಪ್ಯಾನಿಷ್ ಮೂಲದವರ ಮಕ್ಕಳು ಬಹಳ. ಅಳತೆಗೋಲು ಬದಲಾಗಿರಲಿಲ್ಲ, ಅಳೆಯುವವರು ಎಲ್ಲರ ಬಳಿಗೂ ಹೋದರು, ಅಷ್ಟೇ.

ಅಲ್ಲಿ ಸಾಮಾನ್ಯ ಅರ್ಹತೆ 130 ಅಂಕ. ಬಡ ಮಕ್ಕಳಿಗೂ ಇಂಗ್ಲಿಷ್ ಕಲಿಯುತ್ತಿದ್ದವರಿಗೂ 116. ಇದು ಅನ್ಯಾಯವೆನ್ನುವವರಿದ್ದಾರೆ. ಪುಸ್ತಕ ತುಂಬಿದ ಮನೆಯಿಂದ ಬಂದ ಮಗುವಿನ ಅಂಕದಲ್ಲಿ ಮನೆಯ ಪಾಲೂ ಇದೆ, ಅದನ್ನು ಕಳೆದು ನೋಡುವುದು ಅನ್ಯಾಯವಲ್ಲವೆಂದೇ ನಮಗೆ ತೋರುತ್ತದೆ.

ಇನ್ನೊಂದು ಸಂಗತಿ ನಮ್ಮನ್ನು ಹೆಚ್ಚು ಕಾಡಿದೆ. ಒಂದೇ ಒಂದು ಪ್ರತಿಭಾವಂತ ಮಗುವಿದ್ದರೂ ಆ ಶಾಲೆ ನಾಲ್ಕನೆಯ ತರಗತಿಯಿಂದ ಪ್ರತ್ಯೇಕ ವರ್ಗ ತೆರೆಯಬೇಕಿತ್ತು. ಉಳಿದ ಸ್ಥಾನಗಳಿಗೆ ಹಿಂದಿನ ವರ್ಷದ ಪರೀಕ್ಷೆಯಲ್ಲಿ ಮುಂದಿದ್ದ ಮಕ್ಕಳನ್ನು ಸೇರಿಸುತ್ತಿದ್ದರು. ಹೀಗೆ ‘ಖಾಲಿ ಜಾಗ’ಕ್ಕೆ ಬಂದ ಕಪ್ಪು ಮತ್ತು ಸ್ಪ್ಯಾನಿಷ್ ಮೂಲದ ಮಕ್ಕಳೇ ಓದಿನಲ್ಲೂ ಗಣಿತದಲ್ಲೂ ಎಲ್ಲರಿಗಿಂತ ಹೆಚ್ಚು ಮುಂದೆ ಬಂದರು. 130 ದಾಟಿ ಬಂದವರ ಪರೀಕ್ಷಾ ಅಂಕಗಳಲ್ಲಿ ಹೇಳಿಕೊಳ್ಳುವಂಥ ಏರಿಕೆ ಕಾಣಲಿಲ್ಲ. ಹೊರಗುಳಿದ ಮಕ್ಕಳಿಗೆ ನಷ್ಟವಾದದ್ದೂ ಕಂಡುಬರಲಿಲ್ಲ. ಹಾಗಾದರೆ ಸಾರ್ವಜನಿಕ ಹಣ ಯಾರಿಗೆ ಸಲ್ಲಬೇಕು: ಬಿರುದು ಪಡೆದವನಿಗೋ, ಅದರಿಂದ ನಿಜವಾಗಿ ಬೆಳೆಯುವವನಿಗೋ? ಬಿರುದು ಹಂಚುವುದು ಸುಲಭ, ಪಾಲಕರಿಗೂ ಅದೇ ಪ್ರಿಯ. ಎರಡನೆಯದಕ್ಕೆ ಹುಡುಕಾಟ ಬೇಕು.

ಹುಡುಕಾಟಕ್ಕೆ ಖರ್ಚು ತಗಲುತ್ತದೆ. 2008ರ ಆರ್ಥಿಕ ಮುಗ್ಗಟ್ಟಿನ ತರುವಾಯ ಬ್ರೊವಾರ್ಡಿನವರು ಎಲ್ಲರನ್ನೂ ಪರೀಕ್ಷಿಸುವ ಏರ್ಪಾಡನ್ನು ಕೈಬಿಟ್ಟರು. ಬಡ ಮಕ್ಕಳ ಸಂಖ್ಯೆ ಮತ್ತೆ ಇಳಿಯಿತು. ಆ ವರ್ಷ ಎರಡನೆಯ ತರಗತಿಗೆ ಬಂದ ಮಕ್ಕಳೇನೂ ಹಿಂದಿನವರಿಗಿಂತ ದಡ್ಡರಾಗಿರಲಿಲ್ಲ.