ಚಿಲಕ ತೆಗೆಯಬೇಕಿತ್ತೇ?

ದೆವ್ವದ ಕಥೆಗಳೆಂದರೆ ನಮ್ಮ ಹೆಂಗಸರಿಗೆ ಒಂದು ವಿಚಿತ್ರ ಅಕ್ಕರೆ. ಹಗಲೆಲ್ಲ ಬಾಯಿ ಬಿಟ್ಟುಕೊಂಡು ಕೇಳುವುದು, ಕತ್ತಲಾದ ಮೇಲೆ ಹಿತ್ತಲಿಗೆ ಹೋಗಲು ಜೊತೆಗೊಬ್ಬರನ್ನು ಕರೆಯುವುದು. ನಾನೂ ಅಂಥವಳೇ. ಆದರೆ ಓದುತ್ತ ಓದುತ್ತ ದೆವ್ವಕ್ಕಿಂತ ಆ ಮನೆಯವರ ಮೇಲೆ ಹೆಚ್ಚು ಕಣ್ಣಿಡುವುದು ನನಗೆ ಅಭ್ಯಾಸವಾಗಿಬಿಟ್ಟಿದೆ. ಹಾಗೆ ಓದಿದಾಗ ಬೇರೆಯಾಗಿಯೇ ಕಂಡದ್ದು ಡಬ್ಲ್ಯು. ಡಬ್ಲ್ಯು. ಜೇಕಬ್ಸ್‌ನ ‘ದಿ ಮಂಕೀಸ್ ಪಾ’, ಅಂದರೆ ಕೋತಿಯ ಪಂಜ. 1902ರಲ್ಲಿ ಪ್ರಕಟವಾದ ಕಥೆ. ಜೇಕಬ್ಸ್ ಲಂಡನ್ನಿನ ಹಡಗುಕಟ್ಟೆಯ ಬದುಕನ್ನು ಹತ್ತಿರದಿಂದ ಕಂಡವನು, ನಾವಿಕರ ನಗೆಗಥೆಗಳನ್ನು ಬರೆದು ಹೆಸರು ಮಾಡಿದವನು. ಅಷ್ಟೆಲ್ಲ ನಗಿಸಿದವನನ್ನು ಜನ ಇಂದು ನೆನೆಯುವುದು ಹೆದರಿಸಿದ ಒಂದು ಕಥೆಗಾಗಿ!

ಬಹಳ ಮಂದಿ ಈ ಕಥೆಯನ್ನು ಓದಿರಬಹುದು. ವಯಸ್ಸಾದ ಗಂಡ ಹೆಂಡತಿ, ಬೆಳೆದ ಒಬ್ಬ ಮಗ. ಇಂಡಿಯಾದಲ್ಲಿ 21 ವರ್ಷ ಇದ್ದು ಬಂದ ಸಿಪಾಯಿ ಗೆಳೆಯನೊಬ್ಬ ಫಕೀರ ಮಂತ್ರಿಸಿದ ಒಣಗಿದ ಪಂಜವೊಂದನ್ನು ತೋರಿಸುತ್ತಾನೆ. (ಇಂಗ್ಲಿಷರಿಗೆ ಮಾಟಮಂತ್ರ ಬೇಕಾದಾಗಲೆಲ್ಲ ನಮ್ಮ ದೇಶದಿಂದಲೇ ತರಿಸಬೇಕೇನೋ!) ಅದು ಮೂರು ವರ ಕೊಡುತ್ತದಂತೆ. ಗೆಳೆಯ ಬೆಂಕಿಗೆ ಎಸೆದದ್ದನ್ನು ಮನೆಯ ಯಜಮಾನ ಎತ್ತಿಕೊಳ್ಳುತ್ತಾನೆ. ಮನೆಯ ಸಾಲ ತೀರಲೆಂದು 200 ಪೌಂಡು ಕೇಳುತ್ತಾನೆ. ಮರುದಿನ ಮಗ ಕಾರ್ಖಾನೆಯ ಯಂತ್ರಕ್ಕೆ ಸಿಕ್ಕಿ ಸಾಯುತ್ತಾನೆ. ಕಂಪನಿಯ ಕಡೆಯವನು ಮನೆ ಬಾಗಿಲಿಗೆ ಬಂದು, ಹೊಣೆ ತಮ್ಮದಲ್ಲ, ಆದರೂ ಹುಡುಗನ ಸೇವೆಯನ್ನು ನೆನೆದು ಇಷ್ಟು ಹಣ ಎನ್ನುತ್ತಾನೆ. ಮೊತ್ತ 200 ಪೌಂಡು.

ಇಷ್ಟಕ್ಕೇ ನಮ್ಮ ಗೈಡುಗಳು ‘ಅತಿಯಾಸೆ ಗತಿಗೇಡು’ ಎಂದು ಬರೆದು ಮುಗಿಸುತ್ತವೆ. ನನಗೆ ಇದು ಒಪ್ಪಿಗೆಯಿಲ್ಲ. ಇರುವ ಮನೆಯ ಸಾಲ ತೀರಲಿ ಎಂಬುದು ಯಾವ ಅತಿಯಾಸೆ? ಹಾಗೆ ನೋಡಿದರೆ ಸೊಸೈಟಿ ಸಾಲದ ಕಂತು ಕಟ್ಟುವ ನಾವೆಲ್ಲ ಪಾಪಿಗಳೇ. ಅವರು ಅರಮನೆ ಕೇಳಲಿಲ್ಲ, ರಾಜ್ಯ ಕೇಳಲಿಲ್ಲ. ನನ್ನ ಮೈ ನಡುಗುವುದು ಆ ಕಂಪನಿಯವನ ಮಾತಿಗೆ. ಕೆಲಸದಲ್ಲಿ ಗಾಯವಾದರೆ, ಸತ್ತರೆ ಮಾಲೀಕ ಹಣ ಕೊಡಬೇಕೆಂಬ ಕಾನೂನು ಇಂಗ್ಲೆಂಡಿನಲ್ಲಿ 1897ರಲ್ಲೇ ಆಗಿತ್ತು, ನಮ್ಮಲ್ಲಿ 1923ರಲ್ಲಿ ಬಂತು. ಅಂದರೆ ಸತ್ತವನಿಗೆ ಬೆಲೆ ಕಟ್ಟುವ ಲೆಕ್ಕ ಆಗಲೇ ಶುರುವಾಗಿತ್ತು. ಹಣ ಬೇಡವೆಂದು ನಾನು ಹೇಳುತ್ತಿಲ್ಲ. ದುಡಿಯುವವನು ಹೋದ ಮನೆಯಲ್ಲಿ ಮರುದಿನವೂ ಒಲೆ ಹೊತ್ತಬೇಕು.

ನಮ್ಮ ಹ್ಯಾಂಡ್‌ಪೋಸ್ಟಿನ ಸುತ್ತಮುತ್ತ ‘ಪರಿಹಾರ’ ಎಂಬ ಮಾತು ಅಕ್ಷರ ಬಾರದವರಿಗೂ ಗೊತ್ತು. 1974ರಲ್ಲಿ ಮುಗಿದ ಕಬಿನಿ ಅಣೆಕಟ್ಟೆಯ ನೀರಿನಲ್ಲಿ ಊರು ಕಳೆದುಕೊಂಡವರು ಆ ಮಾತು ಕಲಿತರು. ಆನೆ ತುಳಿದ ಬೆಳೆಗೆ ಪರಿಹಾರ, ಹುಲಿ ಹಿಡಿದ ಹಸುವಿಗೆ ಪರಿಹಾರ. 2025ರ ಅಕ್ಟೋಬರ್–ನವೆಂಬರಿನಲ್ಲಿ ಸರಗೂರು ಕಡೆ ಹುಲಿ ದಾಳಿಯಿಂದ ರೈತರು ಸತ್ತು, ನಾಗರಹೊಳೆ, ಬಂಡೀಪುರಗಳಲ್ಲಿ ಸಫಾರಿಯನ್ನೇ ನಿಲ್ಲಿಸಿದಾಗಲೂ ಎಲ್ಲರ ಬಾಯಲ್ಲಿ ಅದೇ ಮಾತು. ಗ್ರಹದೋಷಕ್ಕೂ ಪರಿಹಾರ, ಗಣಿತದ ಲೆಕ್ಕಕ್ಕೂ ಪರಿಹಾರ, ಸತ್ತ ಮಗನಿಗೂ ಪರಿಹಾರ. ಕನ್ನಡದಲ್ಲಿ ಇದಕ್ಕೆ ಬೇರೆ ಪದ ಹುಟ್ಟಬಾರದಿತ್ತೇ ಎಂದು ಎಷ್ಟೋ ಸಲ ಅಂದುಕೊಂಡಿದ್ದೇನೆ.

ಇನ್ನು ಕಥೆಯ ಮುಖ್ಯ ಗಂಟಿಗೆ ಬರುತ್ತೇನೆ. ಮಗನನ್ನು ಮಣ್ಣು ಮಾಡಿ ಒಂದು ವಾರ ಕಳೆದ ಮೇಲೆ, ಇನ್ನೂ ಎರಡು ವರ ಉಳಿದಿವೆಯೆಂದು ತಾಯಿಗೆ ನಡುರಾತ್ರಿ ಹೊಳೆಯುತ್ತದೆ. ಮಗನನ್ನು ಬದುಕಿಸೆಂದು ಕೇಳು ಎಂದು ಗಂಡನನ್ನು ಹಿಡಿದು ಅಲುಗಾಡಿಸುತ್ತಾಳೆ. ಆಗ, ಆಗ ಮಾತ್ರ, ಗಂಡ ಬಾಯಿ ಬಿಡುತ್ತಾನೆ. ಹೆಣದ ಗುರುತು ತನಗೆ ಸಿಕ್ಕಿದ್ದು ಬಟ್ಟೆಯಿಂದ, ಮುಖದಿಂದಲ್ಲ ಎಂದು. ಅಷ್ಟು ದಿನ ಅದನ್ನು ಅವನು ಒಬ್ಬನೇ ಹೊತ್ತುಕೊಂಡಿದ್ದ. ಹೆಂಡತಿ ತಾಳಲಾರಳೆಂಬ ಕರುಣೆಯಿಂದಲೇ ಇರಬಹುದು. ಆದರೆ ಅವಳು ನೆನೆಯುತ್ತಿದ್ದುದು ಬೆಳಗ್ಗೆ ನಗುತ್ತ ಕೆಲಸಕ್ಕೆ ಹೋದ ಮಗನನ್ನು, ಅವನು ನೆನೆದು ಬೆಚ್ಚುತ್ತಿದ್ದುದು ಯಂತ್ರ ಅರೆದ ದೇಹವನ್ನು. ಒಂದೇ ಹಾಸಿಗೆಯ ಮೇಲೆ ಇಬ್ಬರೂ ಬೇರೆ ಬೇರೆ ಮಕ್ಕಳಿಗಾಗಿ ಅಳುತ್ತಿದ್ದರು.

ಇದು ನಮ್ಮ ಮನೆಗಳಲ್ಲೂ ನಡೆಯುತ್ತದೆ. ಅಪಘಾತದಲ್ಲಿ ಹೋದವರನ್ನು ತಂದಾಗ ಮೊದಲು ಕೇಳುವ ಮಾತೇ ‘ಹೆಂಗಸರು ಆಚೆ ಸರೀರಿ’ ಎಂದು. ನನಗೆ ತಿಳಿದ ಒಬ್ಬ ತಾಯಿಯ ಮಗ ಹೊರ ಊರಿನಲ್ಲಿ ಕೆಲಸದ ಜಾಗದಲ್ಲಿ ಸತ್ತ. ಬಿಳಿ ಬಟ್ಟೆ ಸುತ್ತಿ ತಂದವರು ಹಾಗೆಯೇ ತೆಗೆದುಕೊಂಡು ಹೋದರು. “ಮೊಕ ನೋಡಕ್ಕೆ ಬುಡ್ನಿಲ್ಲ ಕಣ್ರವ್ವ. ಬಟ್ಟೆ ಸುತ್ತಿದ್ ಗಂಟ್ನ ಮಣ್ಣಿಗೆ ಇಟ್ಬುಟ್ರು. ಅದು ನನ್ ಮಗನೇ ಅಂತ ನಾ ಹೆಂಗೆ ನಂಬ್ಲಿ?” ಎಂದು ಆಕೆ ನನ್ನನ್ನು ಕೇಳಿದಳು. ಎರಡು ವರ್ಷ ರಾತ್ರಿ ಹೊತ್ತು ಬಾಗಿಲಿಗೆ ಚಿಲಕ ಹಾಕುತ್ತಿರಲಿಲ್ಲ. ಊರವರು ತಲೆ ಕೆಟ್ಟಿದೆಯೆಂದರು. ನನಗೆ ಹಾಗೆ ಅನ್ನಿಸಲಿಲ್ಲ.

ಕಥೆಯಲ್ಲಿ ಬಾಗಿಲು ಬಡಿಯುವ ಸದ್ದಾಗುತ್ತದೆ. ತಾಯಿ ಓಡುತ್ತಾಳೆ. ಚಿಲಕ ಎಟುಕದೆ ಕುರ್ಚಿ ಎಳೆದುಕೊಳ್ಳುತ್ತಾಳೆ. ತಂದೆ ಕತ್ತಲಲ್ಲಿ ನೆಲ ತಡಕಿ ಪಂಜ ಹುಡುಕಿ ಮೂರನೆಯ ವರ ಕೇಳುತ್ತಾನೆ. ಬಾಗಿಲು ತೆರೆದಾಗ ದೀಪದ ಬೆಳಕಿನಲ್ಲಿ ಖಾಲಿ ರಸ್ತೆ. 1990ರ ದಶಕದಲ್ಲಿ ನಮ್ಮ ಕರ್ನಾಟಕದ ಎಷ್ಟೋ ಊರುಗಳಲ್ಲಿ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದಿದ್ದು ನಿಮಗೆ ನೆನಪಿರಬೇಕು. ದೆವ್ವ ನಮ್ಮವರ ದನಿಯಲ್ಲೇ ಕರೆಯುತ್ತದೆ, ಓಗೊಟ್ಟರೆ ಮುಗಿಯಿತು ಎಂದು ಪುಕಾರು. ಸುಣ್ಣದಲ್ಲೋ ಸೀಮೆಸುಣ್ಣದಲ್ಲೋ ಬರೆದು ಎಲ್ಲರೂ ಒಳಗೆ ಬೆಚ್ಚಗೆ ಮಲಗಿದೆವು. ಮಗ ಸತ್ತ ಮನೆಯ ತಾಯಿಯ ಕೈಯಲ್ಲಿ ಆ ಎರಡು ಪದ ಬರೆಸಲು ಯಾರಿಂದ ಆಗುತ್ತಿತ್ತು?

ಹಾಗಾದರೆ ಚಿಲಕ ತೆಗೆಯಬೇಕಿತ್ತೇ? ತಂದೆಯ ಮೂರನೆಯ ವರವನ್ನು ನಾನು ತಪ್ಪೆನ್ನಲಾರೆ. ಆ ಸ್ಥಿತಿಯಲ್ಲಿ ಮಗ ಬದುಕುವುದು ಮಗನಿಗೂ ನರಕವೇ. ಹೋದವರನ್ನು ಹೋಗಲು ಬಿಡುವುದೂ ಒಂದು ಪ್ರೀತಿ. ಆದರೆ ಹೆಂಡತಿಯಿಂದ ಸತ್ಯವನ್ನು ಅಷ್ಟು ದಿನ ಮುಚ್ಚಿಟ್ಟದ್ದನ್ನು ನಾನು ಒಪ್ಪುವುದಿಲ್ಲ. ಅವಳು ಮೊದಲೇ ಕಣ್ಣಾರೆ ನೋಡಿದ್ದರೆ, ಇಲ್ಲವೇ ಹಗಲಿನಲ್ಲಿ ಅವನ ಬಾಯಿಂದ ಕೇಳಿ ಅತ್ತು ಹಗುರಾಗಿದ್ದರೆ, ಆ ಎರಡನೆಯ ವರವನ್ನು ಕೇಳುತ್ತಲೇ ಇರಲಿಲ್ಲ ಎಂದು ನನಗನ್ನಿಸುತ್ತದೆ. ನೀವು ಬೇರೆ ಅನ್ನಬಹುದು. ಆ ರಾತ್ರಿ ನಿಜ ಹೇಳಿದ ಮೇಲೂ ಅವಳು ಹಿಂಜರಿಯಲಿಲ್ಲವಲ್ಲ ಎಂದು. ನಿಜ, ಆದರೆ ಆಗ ಅವಳ ಕಣ್ಣ ಮುಂದೆ ಪಂಜ ಇತ್ತು. ಆಸೆ ಕೈಗೆಟುಕುವಂತಿರುವಾಗ ಹೇಳಿದ ಸತ್ಯ ಯಾರ ಕಿವಿಗೂ ಇಳಿಯುವುದಿಲ್ಲ.

ತರಗತಿಯಲ್ಲಿ ಈ ಕಥೆ ಹೇಳಿದಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಕೇಳಿದಳು: “ಮಿಸ್, ಮೊದಲಿನ ಹಾಗೇ ಚೆನ್ನಾಗಿರೋ ಮಗನ್ನ ಕೊಡು ಅಂತ ಮೂರನೇ ವರ ಕೇಳಬಹುದಿತ್ತಲ್ವಾ?” ವಿಮರ್ಶಕರು ಏನಾದರೂ ಹೇಳಿಕೊಳ್ಳಲಿ, ಸಂಸಾರ ನಡೆಸುವವರ ಬುದ್ಧಿ ಅದು. ಇಬ್ಬರೂ ದೀಪ ಹಚ್ಚಿ ಕೂತು ಮಾತಾಡಿದ್ದರೆ ಅವರಿಗೂ ಹೊಳೆಯುತ್ತಿತ್ತೋ ಏನೋ. ಆದರೆ ಒಬ್ಬಳು ಕೆಳಗೆ ಬಾಗಿಲ ಬಳಿ, ಒಬ್ಬ ಮೇಲೆ ಕತ್ತಲಲ್ಲಿ.

ಮರುದಿನ ಆ ಹೆಂಗಸು ಗಂಡನಿಗೆ ಕಾಫಿಯೋ ಟೀಯೋ ಮಾಡಿಕೊಟ್ಟಳೇ, ಆ 200 ಪೌಂಡಿನಲ್ಲಿ ಮನೆಯ ಸಾಲ ತೀರಿಸಿದರೇ ಎಂಬುದನ್ನು ಜೇಕಬ್ಸ್ ಬರೆದಿಲ್ಲ. ನಾನು ಹೇಳಿದ ಆ ತಾಯಿ ಪರಿಹಾರದ ಹಣವನ್ನು ಮಗಳ ಹೆಸರಿನಲ್ಲಿ ಬ್ಯಾಂಕಿನಲ್ಲಿಟ್ಟಳು. ಪಾಸ್‌ಬುಕ್ ತನ್ನ ಮನೆಯಲ್ಲಿರುವುದು ಬೇಡವೆಂದು ನನಗೆ ತಂದುಕೊಟ್ಟಳು. ನನ್ನ ಬೀರುವಿನ ಮೇಲಿನ ಅರೆಯಲ್ಲಿ, ರೇಷ್ಮೆ ಸೀರೆಗಳ ಕೆಳಗೆ ಈಗಲೂ ಇದೆ.